ಹೋಲ್ಡಾನ್

ಹತ್ತೊಂಬತ್ತು ವರ್ಷ ಈ ಒಂದು ಮಾತು ಕೂಗಿ ಕೂಗಿ
ಗಂಟಲು ಸವೆದಿದೆ.
ಕೂಗಿದರೆ ಬಸ್ಸು ನಿಲ್ಲುತ್ತಿತ್ತು.
ನನ್ನ ಮೈ ನಿಲ್ಲುತ್ತಿರಲಿಲ್ಲ.

ಚಿಂತಾಮಣಿ ಬಿಟ್ಟರೆ ಶಿಡ್ಲಘಟ್ಟ, ಅದು ಬಿಟ್ಟರೆ ಚಿಕ್ಕಬಳ್ಳಾಪುರ.
ನಡುವೆ ಎಷ್ಟು ಹಂಪು ಅನ್ನೋದು
ಸ್ಟೇರಿಂಗ್ ಹಿಡಿದ ಬೈರಾರೆಡ್ಡಿಗಿಂತ
ನನಗೆ ಚೆನ್ನಾಗಿ ಗೊತ್ತು.
ಒಂದು ಹಂಪಿಗೆ ಒಂದು ತೊಟ್ಟು.
ಖಾಕಿ ಗುಟ್ಟು ಉಳಿಸೋ ಬಟ್ಟೆಯಲ್ಲ.
ಕೆಮ್ಮು ಬಂದರೆ ಕಂಬಿ ಹಿಡಿದು, ಕಾಲಿಗೆ ಕಾಲು ಹೆಣೆದು
ಚರ್ಮದ ಚೀಲ ಮುಂದಕ್ಕೆಳೆದುಕೊಂಡು
ಚಿಲ್ಲರೆ ಹುಡುಕುವವಳ ಹಾಗೆ ನಿಲ್ಲುತ್ತಿದ್ದೆ.
ನೀರು ಕುಡಿಯೋದನ್ನೇ ಬಿಟ್ಟಿದ್ದೆ,
ಬೇಸಿಗೆಯಲ್ಲೂ.

ಟಮಕದ ಆಸ್ಪತ್ರೆಯಲ್ಲಿ ಶಾಹೀನಾ ಡಾಕ್ಟರು
"ಒಳಗೊಂದು ಪಟ್ಟಿ ಹಾಕಿದ್ದೀನಿ, ಉಯ್ಯಾಲೆ ಥರ.
ಮಾಂಸ ಅದನ್ನ ತನ್ನದು ಅಂದ್ಕೋಬೇಕು, ಆರು ವಾರ.
ಬಿಂದಿಗೆ ಎತ್ತಬೇಡ, ಸಿಲಿಂಡರ್ ಎಳೀಬೇಡ,
ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೀಬೇಡ.
ನಡಿ. ನಡೆಯೋಕೆ ಅಡ್ಡಿಯಿಲ್ಲ" ಅಂದರು.

ಕೋಣೆಯಿಂದ ಹಿತ್ತಲ ಬಾಗಿಲು, ಒಂದು ಸ್ಟೇಜು.
ನನಗೆ ನಾನೇ ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟುಕೊಂಡೆ.
ಎರಡನೇ ವಾರ ಹಾಲಿನ ಬೂತು.
ಮೂರನೇ ವಾರ ಜೋಡಿ ರಸ್ತೆ, ಹೋಗಿ ಬರೋದು,
ಪುರಿ ಅಂಗಡಿ ಕಟ್ಟೆ ಮೇಲೆ ಎರಡು ನಿಮಿಷ ಹಾಲ್ಟು.
ಅಲ್ಲಿ ಸಿಕ್ಕಿದ ಸರಸಮ್ಮ,
"ಏಮ್ಮಾ ಕೃಷ್ಣವೇಣಿ, ಏನ್ ಆಪರೇಷನ್ನೇ?"
"ಹೊಟ್ಟೇದು."
ಸೊಂಟದ ಕೆಳಗಿರೋದೆಲ್ಲ
ನಮ್ಮ ಕಡೆ ಹೊಟ್ಟೇನೇ.

ನಲ್ಲಿ ನೀರು ಬರೋದು ಹತ್ತು ದಿನಕ್ಕೊಮ್ಮೆ,
ಅದೂ ರಾತ್ರಿ ಎರಡಕ್ಕೆ.
ಸದ್ದು ಕೇಳಿದ್ದೇ ಎದ್ದುಬಿಟ್ಟೆ,
ಕೈ ತಾನಾಗಿ ಬಿಂದಿಗೆಯ ಕಂಠಕ್ಕೆ ಹೋಯಿತು.
"ಹೋಲ್ಡಾನ್!"
ಹಿಂದೆ ನಮ್ಮವರು, ಪಂಚೆ ಎತ್ತಿ ಕಟ್ಟಿ ನಿಂತಿದ್ದಾರೆ.
ಇಪ್ಪತ್ತಾರು ವರ್ಷದ ಸಂಸಾರದಲ್ಲಿ
ಅವರು ಮಾಡಿದ ಒಂದೇ ಒಂದು ತಮಾಷೆ.
ನಗಬಾರದು, ನಗಬಾರದು ಅಂತ
ಹೊಲಿಗೆ ಹಿಡಿದುಕೊಂಡು ನಕ್ಕೆ.
ಅರ್ಧ ನೀರು ನೆಲಕ್ಕೆ ಚೆಲ್ಲಿ, ಅರ್ಧ ಡ್ರಮ್ಮಿಗೆ ಸುರಿದು
ಬೆಳಗಿನ ಜಾವ ಅವರು ಮಲಗಿದರು.

ನಾಲ್ಕನೇ ವಾರದಿಂದ ಇನ್ನೊಂದು ಕೆಲಸ.
ಒಳಗೆ ಬಿಗಿ ಹಿಡಿ, ಐದು ಎಣಿಸು: ಹೋಲ್ಡಾನ್.
ಬಿಡು: ರೈಟ್.
ಅವರೆಕಾಯಿ ಸುಲಿಯುತ್ತಾ, ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾ,
ಬೀಗರ ಜೊತೆ ಮಾತಾಡುತ್ತಾ ಕೂಡ,
ಹೋಲ್ಡಾನ್, ರೈಟ್, ಹೋಲ್ಡಾನ್, ರೈಟ್.
ಬೀಗರಿಗೇನು ಗೊತ್ತು.

ಐದನೇ ವಾರ ಒಣಮೆಣಸಿನ ಒಗ್ಗರಣೆಗೆ ಸೀನು ಬಂತು.
ಜೊತೆಗೆ ಒಂದು ತೊಟ್ಟು ಬಂತಾ, ಬರಲಿಲ್ಲವಾ?
ಬೆವರೋ ಏನೋ.
ಒಲೆ ಆರಿಸಿ ಗೋಡೆಗೊರಗಿ ತುಂಬ ಹೊತ್ತು ನಿಂತಿದ್ದೆ.
ಮತ್ತೆ ನೋಡುವ ಧೈರ್ಯವಾಗಲಿಲ್ಲ.

ಒಂಬತ್ತನೇ ವಾರ ಡ್ಯೂಟಿ.
ಮೊದಲ ಹಂಪು. ಎರಡನೆಯದು. ಲೆಕ್ಕ ಬಿಟ್ಟೆ.
ಬಾಟಲಿ ತೆಗೆದು ಗಟಗಟ ನೀರು ಕುಡಿದೆ.
ಶಿಡ್ಲಘಟ್ಟಕ್ಕಿನ್ನೂ ಎಂಟು ಕಿಲೋಮೀಟರು,
ಗೂಡಿನ ಮೂಟೆ ಪಕ್ಕ ನಿಂತ ಹೆಂಗಸೊಬ್ಬಳು
ಕಂಬಿ ಹಿಡಿದಿದ್ದಾಳೆ, ಕಾಲಿಗೆ ಕಾಲು ಹೆಣೆದು.
ಆ ನಿಲುವು ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ಹೋಲ್ಡಾನ್!"
"ಇಲ್ಲೆಲ್ಲಮ್ಮಾ ಸ್ಟಾಪು?" ಬೈರಾರೆಡ್ಡಿ ಕನ್ನಡಿಯಲ್ಲಿ ಗುರುಗುಟ್ಟಿದ.
ಅವಳ ಕಡೆ ಕಣ್ಣು ಮಾಡಿ ಹಿಪ್ಪುನೇರಳೆ ತೋಟ ತೋರಿಸಿದೆ.
ಒಂದು ಕ್ಷಣ ನಂಬಲಿಲ್ಲ, ಆಮೇಲೆ ಇಳಿದು ಓಡಿದಳು.

ಟೈಮಾಯ್ತು, ಮಾರ್ಕೆಟ್ಟು ಮುಚ್ಚುತ್ತೆ ಅಂತ ಹಿಂದೆ ಯಾರೋ ಕೂಗಿದರು.
ನಾನು ಬಾಗಿಲಿಗೆ ಅಡ್ಡ ನಿಂತು
ಚೀಲದೊಳಗೆ ಕೈಯಿಟ್ಟು ಚಿಲ್ಲರೆ ಹುಡುಕಿದೆ,
ಎಷ್ಟು ಹುಡುಕಿದರೂ ಸಿಗದ ಹಾಗೆ.